ಮಿಸ್ಬಾಗೊಂದು ಸೀಟು

"ಮಿಸ್ಬಾಗ ನನ್ನ ಸೈಕಲ್ ಮ್ಯಾಗ ಜಾಗಾ ಇಲ್ರೀ..." ಎಂದ ಜಾಹಿದ ಫೋನಿನಲ್ಲಿ. ಹಿಂದೆ ಮಿಲ್ಲಿನ ಯಂತ್ರಗಳ ಗದ್ದಲ. ಯಾರೋ ಅವನನ್ನು ಕೂಗಿದರು. ಫೋನು ಕಟ್ಟಾಯಿತು.

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದ ಅಂಜುಮ ಫೋನನ್ನು ಕೆಳಗಿಟ್ಟಳು. ಭಾನುವಾರ ಕಾಳಿ ನದಿಯ ದಂಡೆಗೆ ಹೋಗೋಣವೆಂದು ಕರೆದವನು ಅವನೇ. "ಮಿಸ್ಬಾನ್ನೂ ಕರ್ಕೊಂಡು ಬರ್ಲೇನ್ರಿ?" ಎಂದು ಇವಳು ಕೇಳಿದ್ದಳು, ಅಷ್ಟೆ.

ಅಂಜುಮಳ ಗಂಡ ತೀರಿಕೊಂಡಾಗ ಮಗಳು ಮಿಸ್ಬಾ ಇನ್ನೂ ತೊಟ್ಟಿಲ ಕೂಸು. ಈಗ ಮೂರು ತುಂಬಿದೆ. ಈ ನಡುವೆ ಅಂಜುಮಳನ್ನು ಕೇಳಿಕೊಂಡು ಬಂದ ಮನೆಯವರೆಲ್ಲ ಚಹಾ ಕುಡಿದು, ಬಿಸ್ಕಿಟ್ ತಿಂದು, ಏಳುವಾಗ ಒಂದೇ ಮಾತು ಹೇಳಿದ್ದರು: "ಹುಡುಗಿ ಅಜ್ಜಿ ಮನ್ಯಾಗ, ನಾನಿ ಹತ್ರ ಇರ್ಲಿ."

ಜಾಹಿದ ಹಾಗಲ್ಲ ಅಂದುಕೊಂಡಿದ್ದಳು. ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಕೆಮ್ಮಿಲ್ಲದಿದ್ದರೂ ಕೆಮ್ಮಿನ ಗುಳಿಗೆ ಕೊಳ್ಳಲು ಬರುವವನು.

"ಇನ್ನೂ ಹೋಗಿಲ್ಲೇನ್ರಿ ಕೆಮ್ಮು?" ಎಂದು ಅವಳು ಕೇಳಿದರೆ, "ನಿಮ್ಮ ಅಂಗಡಿ ಮುಂದ ಬಂದ್ರ ಸುರು ಆಗತೈತ್ರಿ," ಎಂದು ತಲೆ ತಗ್ಗಿಸಿ, ರೆಪ್ಪೆಯಡಿಯಿಂದ ಒಮ್ಮೆ ನೋಡಿ ಹೊರಟುಬಿಡುತ್ತಿದ್ದ. ಆ ಒಂದು ನೋಟಕ್ಕೆ ಅವಳ ದಿನವೆಲ್ಲ ಹಗುರಾಗುತ್ತಿತ್ತು.

ಇವತ್ತು ಮಾತ್ರ ಎದೆಯ ಮೇಲೆ ಕಲ್ಲಿಟ್ಟಂತಿತ್ತು. ಡ್ಯೂಟಿ ಮುಗಿಸಿ, ಅಂಗನವಾಡಿಯಿಂದ ಮಗಳನ್ನು ಎತ್ತಿಕೊಂಡು ದಾಂಡೇಲಿಯ ಪೇಟೆಯಲ್ಲಿ ಬರುತ್ತಿದ್ದಾಗ ಪೀರಸಾಬರ ಸೈಕಲ್ ಅಂಗಡಿಯ ಮುಂದೆ ಅವನ ನೀಲಿ ಸೈಕಲ್ ಕಂಡಿತು. ದಾಟಿ ಹೋಗಬೇಕೆಂದೇ ಇದ್ದಳು. ಆದರೆ ಮಾತು ಗಂಟಲಲ್ಲಿ ಇಟ್ಟುಕೊಂಡು ಮನೆಗೆ ಹೋಗುವುದು ಅವಳಿಂದಾಗಲಿಲ್ಲ.

ಒಳಗೆ ಜಾಹಿದ ಮೊಣಕಾಲೂರಿ ಕೂತಿದ್ದ. ಎದುರಿಗೆ ಎತ್ತರದ ಬೆನ್ನಿನ ಒಂದು ಪ್ಲಾಸ್ಟಿಕ್ ಸೀಟು. ಅದರಲ್ಲಿ ಗೋಧಿಹಿಟ್ಟಿನ ಚೀಲವೊಂದನ್ನು ಕೂಡಿಸಿ, ಎರಡೂ ಭುಜಕ್ಕೆ ಬೆಲ್ಟು ಕಟ್ಟಿ, ಅತ್ತಿತ್ತ ಅಲುಗಾಡಿಸಿ ನೋಡುತ್ತಿದ್ದ.

ಅಂಜುಮ ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿರಲಿಲ್ಲ. "ಒಂದ ಮಾತು ಹೇಳಿ ಹೋಗ್ತೇನ್ರಿ. ನನ್ನ ಮಗಳಿಗೆ ಜಾಗಾ ಇಲ್ದಲ್ಲಿ ನನಗೂ ಬ್ಯಾಡ."

ಜಾಹಿದ ಬೆಲ್ಟು ಹಿಡಿದೇ ಎದ್ದು ನಿಂತ. ಮುಖ ಬಿಳಿಚಿತ್ತು. "ಅಯ್ಯೋ, ಹಂಗಲ್ರೀ! ಬರೇ ಕ್ಯಾರಿಯರ್ ಮ್ಯಾಗ ಕೂಸಿನ್ನ ಹೆಂಗ ಕೂಡಿಸ್ಲಿ? ಅದಕ್ಕ ಸೀಟ್ ಹಾಕಿಸ್ತೇನಿ ಅನ್ನಾಕತ್ತಿದ್ದೆ. ಅಷ್ಟರಾಗ ಫೋನ್ ಕಟ್ ಆತು."

"ಡ್ಯೂಟಿ ಬಿಟ್ಟಾಗಿಂದ ನನ್ನ ತಲಿ ತಿಂದಾನ, ಬೇಟಿ," ಎಂದರು ಪೀರಸಾಬ, ಸ್ಪ್ಯಾನರ್ ಒರೆಸುತ್ತಾ. "ಮನಿಯಿಂದ ಹಿಟ್ಟಿನ ಚೀಲಾನೂ ಹೊತ್ಕೊಂಡು ಬಂದಾನ."

ಅಂಜುಮ ಚೀಲವನ್ನು ನೋಡಿದಳು. ಬಿಗಿಯಾಗಿ ಕಟ್ಟಿದ ಬೆಲ್ಟನ್ನು ನೋಡಿದಳು. ಮಗಳನ್ನು ಕೆಳಗಿಳಿಸಿ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು ದೀರ್ಘವಾಗಿ ಉಸಿರುಬಿಟ್ಟಳು. ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಯಾವುದು ತಗೊಳ್ಳಲಿ, ನೀವ ಹೇಳ್ರಿ," ಎಂದ ಜಾಹಿದ ಮೆಲ್ಲಗೆ.

ಕಣ್ಣೊರೆಸಿಕೊಂಡು ಎದ್ದಳು. ಪಕ್ಕದಲ್ಲೊಂದು ಕಬ್ಬಿಣದ ತಂತಿಯ ಸೀಟಿತ್ತು, ನೋಡಲು ಚೆಂದ. "ಇದು ಬ್ಯಾಡ. ಕಾಲು ಹೊರಗ ಜೋತು ಬೀಳತಾವ. ಚಕ್ರದಾಗ ಸಿಕ್ರ?" ಪ್ಲಾಸ್ಟಿಕ್ಕಿನದಕ್ಕೆ ಎರಡೂ ಬದಿ ಕಾಲು ಮುಚ್ಚುವ ಗೋಡೆ, ಪಾದಕ್ಕೆ ಪಟ್ಟಿ. "ಇದು ಪಾಸು."

"ನಾನು?" ಎಂದ ಅವನು ತಟ್ಟನೆ.

"ನಿಮ್ಮ ಪರೀಕ್ಷೆ ಇನ್ನೂ ನಡದೈತಿ." ಅವನ ಸೈಕಲ್ಲಿನ ಸೀಟಿನಡಿ ಕೈಯಾಡಿಸಿದಳು. "ಇಲ್ಲಿ ಸ್ಪ್ರಿಂಗ್ ಅದಾವ. ಅಕಿ ಬೆರಳು ಹಾಕದ ಬಿಡೂದಿಲ್ಲ."

"ಮುಚ್ಚಿಸ್ತೇನ್ರಿ."

"ಹಳೇ ಕ್ಯಾರಿಯರ್ ಭಾರ ತಡಿಯೂದಿಲ್ಲ, ಗಟ್ಟಿದು ಹಾಕ್ತೇನಿ," ಎಂದು ಪೀರಸಾಬ ಬೇಕೆಂದೇ ಅತ್ತ ತಿರುಗಿ ನಟ್ಟು ಹುಡುಕತೊಡಗಿದರು.

ಚೀಲ ಬಿಚ್ಚಲು ಇಬ್ಬರೂ ಒಟ್ಟಿಗೇ ಬಾಗಿದರು. ಒಂದೇ ಬಕಲ್ಲಿನ ಮೇಲೆ ಎರಡು ಕೈ. ಯಾರೂ ತೆಗೆಯಲಿಲ್ಲ.

"ನಿಮ್ಮ ಅಮ್ಮಿಗೆ ಗೊತ್ತೈತೇನ್ರಿ?" ಎಂದಳು ಅಂಜುಮ, ಬಕಲ್ಲನ್ನೇ ನೋಡುತ್ತಾ.

"ಎಲ್ಲಾ ಹೇಳೇನಿ. 'ಮೊದ್ಲ ಮಗಳು ಒಪ್ಪಲಿ, ಆಮ್ಯಾಲ ಅಕಿ ಅವ್ವನ್ನ ಕೇಳೂಣು' ಅಂದಾಳ ಅಮ್ಮಿ." ಅವನ ದನಿ ಇನ್ನೂ ಇಳಿಯಿತು. "ಅಷ್ಟು ತಡಕೊಳ್ಳಾಕ ಆಗವಲ್ದು ನನಗ. ಈಗ ಕೇಳ್ತೇನಿ. ನನ್ನ ಕೂಡ ನಿಕಾಹ ಆಗ್ತೀರೇನು? ಮಿಸ್ಬಾ ನಮ್ಮನ್ಯಾಗ, ನಮ್ಮ ಜೋಡೀನ ಬೆಳೀಲಿ."

ಅಂಜುಮಳ ಕಿವಿ ಬಿಸಿಯಾಯಿತು. "ಮೊದ್ಲ ಸೀಟ್ ಹಾಕ್ಸ್ರಿ," ಎಂದಳು. ಅವನ ಮುಖ ಬಾಡಿದ್ದು ಕಂಡು ತುಟಿ ಕಚ್ಚಿ ನಗು ನುಂಗಿದಳು.

ಸೀಟು ಕೂತಿತು. ಪೀರಸಾಬ ಸೈಕಲ್ ಹಿಡಿದು ಎರಡು ಸಲ ಜಗ್ಗಿ ನೋಡಿದರು. ಮಿಸ್ಬಾ ರಾಣಿಯಂತೆ ಏರಿ ಕೂತು, "ಅಂಕಲ್, ಹೋಗೂಣು!" ಎಂದು ಅಪ್ಪಣೆ ಕೊಟ್ಟಳು. ಮೊದಲ ದಿನವೆಂದು ಜಾಹಿದ ಹತ್ತಲಿಲ್ಲ, ಹ್ಯಾಂಡಲ್ ಹಿಡಿದು ತಳ್ಳಿಕೊಂಡು ನಡೆದ. ಇನ್ನೊಂದು ಬದಿಗೆ ಅಂಜುಮ. ಸಂಜೆಯ ಬಿಸಿಲು ರಸ್ತೆಯ ಮೇಲೆ ಓರೆಯಾಗಿ ಬಿದ್ದಿತ್ತು. ತಿರುವು ದಾಟುವಷ್ಟರಲ್ಲಿ ಮಗುವಿಗೆ ಜೋಂಪು ಹತ್ತಿತು. ಎತ್ತರದ ಬೆನ್ನಿಗೆ ತಲೆ ಒರಗಿತು, ಬೆಲ್ಟು ಅವಳನ್ನು ಬೀಳದಂತೆ ಹಿಡಿದುಕೊಂಡಿತು. ಅಂಜುಮ ಬಾಗಿ ನೋಡಿದಳು. ಪುಟ್ಟ ಪಾದಗಳೆರಡೂ ಒಳಗೇ ಇದ್ದವು.

"ಶುಕ್ರವಾರ ನಿಮ್ಮ ಅಮ್ಮಿನ್ನ ನಮ್ಮನಿಗೆ ಕರ್ಕೊಂಡು ಬರ್ರಿ," ಎಂದಳು.

ಜಾಹಿದ ಗಕ್ಕನೆ ನಿಂತ. ಸಂತೋಷಕ್ಕೆ ಕೂಗಲೆಂದು ಬಾಯಿ ತೆರೆದವನ ತುಟಿಗೆ ಅವಳು ಬೆರಳಿಟ್ಟಳು. "ಶ್, ಈಗ ಮಲಗ್ಯಾಳ."