ಕತ್ತಿ ಕೆಳಗಿಟ್ಟು ಕೂತವನು

ಲಿಸಾರ್ದೋ ಮತ್ತೆ ಸತ್ತಿದ್ದ.

ಗಿರಾಕಿಯೊಬ್ಬರಿಗೆ ಪ್ರಿಂಟ್ ತೆಗೆದುಕೊಟ್ಟು ನೊರ್ಕಾ ಕೌಂಟರಿಗೆ ಮರಳುವಷ್ಟರಲ್ಲಿ ಆಟದ ಸ್ಕ್ರೀನಿನಲ್ಲಿ ಅವನ ಕತ್ತಿವೀರ ಹಿಮದ ಮೇಲೆ ಅಂಗಾತ ಬಿದ್ದಿದ್ದ. ಆಟದಲ್ಲಿ ಅವಳ ಪಾತ್ರವಾದ ವೈದ್ಯೆಯ ಸುತ್ತ ಒಂದು ತೋಳವೂ ಉಳಿದಿರಲಿಲ್ಲ. ಎಲ್ಲವನ್ನೂ ಹೊಡೆದು ಮುಗಿಸಿ, ಆಮೇಲೆ ಅದೆಲ್ಲೋ ದೂರದ ಪೈನ್ ಮರದ ಬುಡದಲ್ಲಿ ಹೋಗಿ ಸತ್ತಿದ್ದ ಪುಣ್ಯಾತ್ಮ.

'ಏನಪ್ಪಾ ಸಣಕಲ, ಮತ್ತೆ ಹೋದ್ಯಾ?' ಎಂದು ಅವಳು ಟೈಪ್ ಮಾಡಿದಳು.

'ತೋಳ ಜೋರಿತ್ತು.'

'ತೋಳ ಯಾವತ್ತೂ ಜೋರೇ. ನೀನೇ ಬೊಂಬೆ.'

ನಾಲ್ಕನೇ ಕಂಪ್ಯೂಟರಿನ ಮುಂದೆ ಕೂತಿದ್ದವನ ಭುಜ ನಗುವಿಗೆ ಸಣ್ಣಗೆ ಅಲುಗಿತು. ಕೂಗಿ ಕರೆಯಬೇಕಾದ ದೂರವೇನಲ್ಲ, ಪಿಸುಗುಟ್ಟಿದರೆ ಕೇಳುವಷ್ಟು ಹತ್ತಿರ. ಆದರೂ ಇಬ್ಬರೂ ಮಾತಾಡುತ್ತಿದ್ದದ್ದು ಸ್ಕ್ರೀನಿನ ಮೂಲೆಯ ಆ ಪುಟ್ಟ ಡಬ್ಬಿಯಲ್ಲೇ. ಬಾಯಿಬಿಟ್ಟು ಹೇಳಲು ನಾಚುವ ಎಷ್ಟೋ ಮಾತು ಬೆರಳ ತುದಿಯಿಂದ ಸಲೀಸಾಗಿ ಬರುತ್ತಿತ್ತು.

ಲಿಮಾದ ಉತ್ತರಕ್ಕೆ, ಕೋಮಾಸ್ ಗುಡ್ಡದ ಬುಡದಲ್ಲಿ, ಬಸ್ಸು ತಿರುಗುವ ಜಾಗದಲ್ಲಿತ್ತು ಆ ಸೈಬರ್ ಅಂಗಡಿ. ನೊರ್ಕಾಳ ಚಿಕ್ಕಮ್ಮ ಎರ್ಮಿಲಾಳದು. ಹಿಂದಿನ ಕೋಣೆಯಲ್ಲಿ ನೊರ್ಕಾಳ ಮಂಚ, ಮುಂದೆ ಅವಳ ಕೌಂಟರ್. ಕಳೆದ ವರ್ಷ ಅವಳು ಕೂತಿದ್ದ ಆಟೋ ಮಗುಚಿ ಎಡಗಾಲು ನುಜ್ಜಾದಾಗಿನಿಂದ ಅವಳ ಲೋಕವೆಂದರೆ ಇಷ್ಟೇ. ಅಮ್ಮ ಸೊಯ್ಲಾಳ ಮನೆ ಇದ್ದದ್ದು ಗುಡ್ಡದ ನೆತ್ತಿಯಲ್ಲಿ, ಹಳದಿ ಬಣ್ಣ ಬಳಿದ ಕಡಿದಾದ ಮೆಟ್ಟಿಲುಗಳ ಕೊನೆಗೆ. ಹುಟ್ಟಿ ಬೆಳೆದ ಮನೆಯನ್ನು ಅವಳು ಕತ್ತೆತ್ತಿ ನೋಡಬೇಕಿತ್ತು. ಚಳಿಗಾಲದ ಮಂಜು ಇಳಿದ ದಿನ ಅದೂ ಕಾಣುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಒಮ್ಮೆ ಹಟ ಹಿಡಿದು ಹತ್ತಲು ಹೋಗಿದ್ದಳು. ಮೊದಲ ತಿರುವಿನಲ್ಲೇ ಕಾಲು ಸೋತು ಕುಸಿದು ಕೂತಳು. ನೆರೆಯವರು ಕುರ್ಚಿ ತಂದು, ಅದರಲ್ಲಿ ಅವಳನ್ನು ಕೂರಿಸಿ, ಹಬ್ಬದ ಮೂರ್ತಿಯ ಹಾಗೆ ಹೊತ್ತು ಕೆಳಗಿಳಿಸಿದರು. ದಾರಿಯುದ್ದಕ್ಕೂ ಕಿಟಕಿಗಳು ತೆರೆದವು, ಅಯ್ಯೋ ಪಾಪ ಎಂದವು. ಅಂದಿನಿಂದ ಅವಳು ಆ ಮೆಟ್ಟಿಲಿನ ಕಡೆ ಕಾಲಿಟ್ಟಿಲ್ಲ.

ಅವಳನ್ನು ಮದುವೆಯಾಗಬೇಕಿದ್ದವನೊಬ್ಬನಿದ್ದ. ಅವಳ ಕೈಗೆ ಊರುಗೋಲು ಬಂದ ಮೇಲೆ ಅವನು ಹೆಜ್ಜೆ ನಿಧಾನ ಮಾಡಿಕೊಂಡು ಪಕ್ಕದಲ್ಲಿ ನಡೆದ. ಒಳ್ಳೆಯವನು, ಬೇಸರ ತೋರಿಸಲಿಲ್ಲ. ಮೊದಮೊದಲು ನಿಧಾನಕ್ಕೆ ನಡೆದವನು ಕೊನೆಗೆ ನಿಧಾನಕ್ಕೇ ದೂರವಾದ. ತನಗಾಗಿ ಯಾರಾದರೂ ಹೆಜ್ಜೆ ಸಣ್ಣದು ಮಾಡಿದರೆ ನೊರ್ಕಾಳ ಎದೆಯಲ್ಲಿ ಈಗಲೂ ಏನೋ ಮುದುಡುತ್ತದೆ. ಇವರೂ ಇನ್ನು ಸ್ವಲ್ಪ ದಿನಕ್ಕೆ ಸುಸ್ತಾಗುತ್ತಾರೆ ಅನ್ನಿಸುತ್ತದೆ.

ಅಂಥ ದಿನಗಳಲ್ಲೇ ಲಿಸಾರ್ದೋ ಅಂಗಡಿಗೆ ಬರತೊಡಗಿದ್ದು. ಎದುರು ಬೀದಿಯಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಉಗುರಿನ ಸಂದಿಯಲ್ಲಿ, ಅಂಗಿಯ ತೋಳಿನಲ್ಲಿ, ಒಮ್ಮೊಮ್ಮೆ ಕತ್ತಿನ ಹಿಂದೆಯೂ ಬಿಳಿ ಪ್ಲಾಸ್ಟರಿನ ಪುಡಿ. 'ಏಳು ಗೋಪುರ' ಆಟವನ್ನು ಅವಳಿಗೆ ಕಲಿಸಿದವನು ಅವನೇ. ಗೋಪುರದಿಂದ ಗೋಪುರಕ್ಕೆ ಹೋದಂತೆ ಲೆವೆಲ್ ಏರುತ್ತದೆ. ಸತ್ತರೆ ಗಳಿಸಿದ ಅಂಕದಲ್ಲಿ ಒಂದಿಷ್ಟು ಹೋಗುತ್ತದೆ. ಇಬ್ಬರು ಜೊತೆಯಾಗಿ ಆಡಿ ಅಂಕ ಹಂಚಿಕೊಳ್ಳಬೇಕಾದರೆ ಇಬ್ಬರ ಲೆವೆಲ್ಲೂ ಹತ್ತಿರ ಹತ್ತಿರ ಇರಬೇಕು. ಒಬ್ಬರು ತುಂಬಾ ಮುಂದೆ ಹೋದರೆ ಜೊತೆ ತಾನೇ ಕಡಿಯುತ್ತದೆ.

ಆಟ ಲೋಡ್ ಆಗುವಾಗ ಸ್ಕ್ರೀನ್ ಒಂದು ಕ್ಷಣ ಕಪ್ಪಾಗುತ್ತಿತ್ತು. ಆ ಕಪ್ಪಿನಲ್ಲಿ ಅವನಿಗೆ, ಹಿಂದೆ ಕೌಂಟರಿನಲ್ಲಿ ಕೂತ ಅವಳ ಮುಖ ಕಾಣುತ್ತಿತ್ತು. ಅವನು ನೋಡುತ್ತಾನೆಂಬುದು ಅವಳಿಗೂ ಗೊತ್ತು. ಅದಕ್ಕೇ ಸರಿಯಾಗಿ ಅದೇ ಹೊತ್ತಿಗೆ ಕೂದಲನ್ನು ಕಿವಿಯ ಹಿಂದೆ ಸರಿಸಿ, ಏನೂ ಅರಿಯದವಳಂತೆ ರಸೀದಿ ಪುಸ್ತಕ ತಿರುವಿಹಾಕುತ್ತಿದ್ದಳು. ಸ್ಕ್ರೀನಿನಲ್ಲಿ ಹಿಮ ಸುರಿಯತೊಡಗಿದರೆ ಅವನ ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಒಂದು ಸಂಜೆ ಅವಳು ಮೌಸನ್ನು ಪಕ್ಕಕ್ಕೆ ತಳ್ಳಿ, ಬಾಯಿಬಿಟ್ಟೇ ಕೇಳಿದಳು.

"ಲೆವೆಲ್ ಏರಿದ್ರೆ ನಿಜವಾಗ್ಲೂ ಶಕ್ತಿ ಬರತ್ತೇನೋ? ಮೊದಲನೇ ಬಯಲಲ್ಲಿ ತೋಳ ಮೂರು ಏಟಿಗೆ ಸಾಯ್ತಿತ್ತು. ಈಗ್ಲೂ ಮೂರೇ ಏಟು. ನಾನು ಬೆಳೆದಷ್ಟೂ ಅವೂ ಬೆಳೀತವೆ. ಹಾಗಾದ್ರೆ ನಾನು ಬೆಳೆದಿದ್ದೆಲ್ಲಿ?"

ಅವಳು ಕೇಳುತ್ತಿರುವುದು ತೋಳದ ಮಾತಲ್ಲ ಎಂದು ಲಿಸಾರ್ದೋಗೆ ಗೊತ್ತಾಯಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ದೇಲಿಯಾ ಅವಳ ಪಾದಕ್ಕೆ ಮರಳಿನ ಚೀಲ ಕಟ್ಟಿ ಕಾಲೆತ್ತಿಸುತ್ತಿದ್ದಳು. ಎತ್ತುವುದು ಸ್ವಲ್ಪ ಸುಲಭವಾಯಿತು ಅನ್ನುವಷ್ಟರಲ್ಲಿ ಇನ್ನೂ ಭಾರದ ಚೀಲ ಬರುತ್ತಿತ್ತು. ಹೋದ ತಿಂಗಳೂ ಕಾಲು ನಡುಗಿತ್ತು, ಈ ತಿಂಗಳೂ ನಡುಗುತ್ತದೆ.

"ಹಳೇ ಬಯಲಿಗೆ ವಾಪಸ್ ಹೋಗಿ ನೋಡ್ಬೇಕು," ಎಂದ ಅವನು. "ಅಲ್ಲಿ ಒಂದೇ ಏಟು."

"ಅಲ್ಲಿಗೆ ಯಾರು ಹೋಗ್ತಾರೆ? ಹೋದ್ರೆ ಒಂದಂಕಾನೂ ಸಿಗಲ್ಲ."

"ಹೌದು, ಯಾರೂ ಹೋಗಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲ್ಲ."

ಅವಳು ಬಾಗಿಲಾಚೆ, ಮಂಜಿನಲ್ಲಿ ಅರ್ಧ ಕರಗಿದ್ದ ಹಳದಿ ಮೆಟ್ಟಿಲಿನ ಕಡೆ ನೋಡಿದಳು. ಅವನೂ ನೋಡಿದ.

ಅದಾಗಿ ಕೆಲವು ದಿನಕ್ಕೆ ಆಸ್ಪತ್ರೆಯಲ್ಲಿ ಮುಷ್ಕರವೆಂದು ನೊರ್ಕಾ ಹೋದ ಬಸ್ಸಿನಲ್ಲೇ ಮರಳಿದಳು. ಹಿಂಬಾಗಿಲಿನಿಂದ ಒಳಗೆ ಬಂದಳು. ಮಧ್ಯಾಹ್ನದ ಹೊತ್ತು, ಚಿಕ್ಕಮ್ಮ ಕೌಂಟರಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಲಿಸಾರ್ದೋ ನಾಲ್ಕನೇ ಕಂಪ್ಯೂಟರಿನಲ್ಲಿದ್ದ. ಹಿಂದಿನಿಂದ ಹೋಗಿ ಹೆದರಿಸೋಣವೆಂದು ಊರುಗೋಲು ಸದ್ದಾಗದಂತೆ ಹತ್ತಿರ ಹೋದವಳು ಅಲ್ಲೇ ನಿಂತಳು.

ಸ್ಕ್ರೀನಿನಲ್ಲಿ ಅವನ ಕತ್ತಿವೀರ ತೋಳಗಳ ಗುಂಪಿನ ನಡುವೆ ಹೋಗಿ ನಿಂತ. ಕತ್ತಿಯನ್ನು ಕೆಳಗಿಟ್ಟ. ಆಮೇಲೆ, ದಣಿದವನು ಜಗುಲಿಯ ಮೇಲೆ ಕೂರುವ ಹಾಗೆ, ಹಿಮದ ಮೇಲೆ ಕೂತುಬಿಟ್ಟ. ತೋಳಗಳು ಮೇಲೆ ಬಿದ್ದವು. ಅವನು ಕೈ ಎತ್ತಲಿಲ್ಲ. ಸತ್ತ. ಕೆಳಗಿನ ಅಂಕದ ಪಟ್ಟಿ ಸ್ವಲ್ಪ ಹಿಂದೆ ಸರಿಯಿತು. ಎದ್ದು ಬಂದು ಮತ್ತೆ ಅಲ್ಲೇ ಕೂತ.

ನೊರ್ಕಾಳಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಗಿರಾಕಿ ಕರೆದಾಗಲೆಲ್ಲ ತಾನು ಎದ್ದು ಹೋಗುತ್ತೇನೆ. ಆಗ ತನ್ನ ವೈದ್ಯೆಯನ್ನು ಕಾಯುತ್ತ ಅವನೊಬ್ಬನೇ ಹೊಡೆಯುತ್ತಾನೆ, ಸುಮ್ಮನೆ ನಿಂತವರಿಗೆ ಪಾಲಿಲ್ಲವಾದ್ದರಿಂದ ಆ ಅಂಕವೆಲ್ಲ ಅವನೊಬ್ಬನಿಗೇ ಸೇರುತ್ತದೆ. ಕಾದಷ್ಟೂ ಬೆಳೆಯುತ್ತಾನೆ, ಬೆಳೆದರೆ ಜೊತೆ ಕಡಿಯುತ್ತದೆ. ಅದಕ್ಕೆ ತಾನಿಲ್ಲದ ಹೊತ್ತು ನೋಡಿ ಬಂದು ಹೀಗೆ ಸಾಯುತ್ತಾನೆ. ಬೊಂಬೆ ಎಂದು ನಗುತ್ತಿದ್ದೆನಲ್ಲ ತಾನು.

ಬೇರೆ ಯಾರಾದರೂ ಕರಗಿಹೋಗುತ್ತಿದ್ದರೇನೋ. ನೊರ್ಕಾಳ ಎದೆಯಲ್ಲಿ ಅದೇ ಹಳೆಯದು ಮುದುಡಿತು. ಇವನೂ ಹೆಜ್ಜೆ ಸಣ್ಣದು ಮಾಡಿಕೊಂಡಿದ್ದಾನೆ.

"ಎಷ್ಟು ದಿನದಿಂದ?" ಎಂದಳು.

ಅವನು ಬೆಚ್ಚಿ ತಿರುಗಿದ. ಉತ್ತರಕ್ಕೆ ಅವಳು ಕಾಯಲಿಲ್ಲ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲಿನ ದಿನಗಳಲ್ಲಿ ಅವಳ ವೈದ್ಯೆ ಗೋಪುರದ ಹತ್ತಿರ ಸುಳಿಯಲಿಲ್ಲ. ಅವನು ಬಂದರೆ ಚಿಕ್ಕಮ್ಮನೇ ಕಂಪ್ಯೂಟರ್ ಹಚ್ಚಿಕೊಡುತ್ತಿದ್ದಳು. ಅವನು ಸುಮ್ಮನೆ ಆಟ ತೆರೆದು, ಲೋಡ್ ಆಗುವ ಕಪ್ಪಿನಲ್ಲಿ ಖಾಲಿ ಕೌಂಟರ್ ನೋಡಿ, ಎದ್ದು ಹೋಗುತ್ತಿದ್ದ. ಎರ್ಮಿಲಾ ತಡೆಯಲಾರದೆ ಒಂದು ದಿನ ಬಾಗಿಲಿಗೆ ಬಂದು, ಆ ಸಣಕಲ ಇನ್ನೂ ಸಣ್ಣಗಾಗ್ತಿದ್ದಾನೆ ಕಣೇ, ಗಾಳಿಗೆ ಹಾರಿಹೋದ್ರೆ ಅವನ ಅಮ್ಮನಿಗೆ ನಾನೇನು ಹೇಳಲಿ ಎಂದು ಗೊಣಗಿದಳು.

ಶುಕ್ರವಾರ ನೊರ್ಕಾ ಕೌಂಟರಿಗೆ ಬಂದು ಕೂತಳು. ಲಿಸಾರ್ದೋ ಎದುರಿಗೆ ಬಂದು ನಿಂತ. ಮಧ್ಯೆ ಸ್ಕ್ರೀನ್ ಇರಲಿಲ್ಲ.

"ನಂಗೆ ಯಾರ ಕರುಣೆನೂ ಬೇಡ," ಎಂದಳು.

"ಕರುಣೆ ಅಲ್ಲ."

"ಮತ್ತೇನು?"

ಅವನು ಉಗುರಿನ ಪ್ಲಾಸ್ಟರ್ ಕೆರೆಯುತ್ತ ನಿಂತ. ಮಾತು ಅವನಿಗೆ ಸುಲಭವಾಗಿ ಬರುವುದಲ್ಲ.

"ಇದಕ್ಕೂ ಮೊದ್ಲು ಬೇರೆ ಹೆಸರಲ್ಲಿ ಆಡ್ತಿದ್ದೆ. ಏಳನೇ ಗೋಪುರದ ತನಕ ಹೋಗಿದ್ದೆ, ನೊರ್ಕಾ. ಅಲ್ಲಿ ತೋಳದ ಬದಲು ಡ್ರ್ಯಾಗನ್ ಬರತ್ತೆ. ಅದೂ ಮೂರೇ ಏಟಿಗೆ ಸಾಯತ್ತೆ. ಅಷ್ಟೆತ್ತರಕ್ಕೆ ಹೋಗಿ ಒಂದಿನ ಸತ್ತೆ. ಮತ್ತೆ ಹೋದ್ಯಾ ಅಂತ ನಗೋಕೆ ಅಲ್ಲಿ ಯಾರೂ ಇರ್ಲಿಲ್ಲ." ಅವನ ದನಿ ಇಳಿಯಿತು. "ನೀನು ನಗ್ತೀಯ. ಅದನ್ನ ಬಿಟ್ಟು ಮುಂದೆ ಹೋಗೋಕೆ ನಂಗೆ ಮನಸ್ಸಿರ್ಲಿಲ್ಲ. ನಾನು ಕೂತಿದ್ದು ನಿನಗೋಸ್ಕರ ಅಲ್ಲ. ನನಗೋಸ್ಕರ."

ಆದರೂ ಅವಳು ಬಿಡಲಿಲ್ಲ.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಇಲ್ಲ."

"ಕೇಳಿದ್ರೆ, ಹೋಗು ಮುಂದೆ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಅವಳಿಗೆ ನಗು ಬಂತು, ಅದನ್ನು ತುಟಿಯ ಒಳಗೇ ಕಚ್ಚಿ ಹಿಡಿದಳು. ಬಾಗಿಲಾಚೆ ನೋಡಿದಳು. ಮಂಜು ಸ್ವಲ್ಪ ಸರಿದು, ಗುಡ್ಡದ ಅರ್ಧದವರೆಗೆ ಮೆಟ್ಟಿಲು ಕಾಣುತ್ತಿತ್ತು.

"ಭಾನುವಾರ ಅಮ್ಮನ ಮನೆಗೆ ಹೋಗ್ತೀನಿ, ಹತ್ತಿಕೊಂಡು," ಎಂದಳು. "ನೀನೂ ಬಾ. ಆದ್ರೆ ನಿನ್ನ ಹೆಜ್ಜೆ ಹಾಕಿಕೊಂಡು ಹೋಗ್ಬೇಕು. ಕಾಯಬಾರದು. ತಿರುಗಿ ನೋಡಬಾರದು. ನನ್ನ ಜೊತೆ ಇರೋಕೆ ನೀನು ಸಣ್ಣವನಾಗಬೇಕಿಲ್ಲ ಅಂತ ನಂಗೆ ಗೊತ್ತಾಗಬೇಕು. ಅದು ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು."

"ಬಿದ್ರೆ?"

"ಬಿದ್ರೆ ಕೂತ್ಕೋತೀನಿ. ಆಮೇಲೆ ಏಳ್ತೀನಿ."

ಅವನು ಉಗುರು ಕೆರೆಯುವುದು ನಿಲ್ಲಿಸಿ, ಹೂಂ ಎಂದು ತಲೆಯಾಡಿಸಿದ.

ಭಾನುವಾರ ಬೆಳಿಗ್ಗೆ ಸಣ್ಣ ಮಂಜುಹನಿ. ಮೆಟ್ಟಿಲ ಬುಡದಲ್ಲಿ ಇಬ್ಬರೂ ನಿಂತರು. ಅವನು ತೊಳೆದ ಅಂಗಿ ಹಾಕಿದ್ದ, ಕತ್ತಿನ ಹಿಂದೆ ಮಾತ್ರ ಬಿಳಿ ಪುಡಿ ಹಾಗೇ ಇತ್ತು. ಒರೆಸಬೇಕೆಂದು ಅವಳ ಕೈ ಅರ್ಧ ಮೇಲೆದ್ದು ಕೆಳಗಿಳಿಯಿತು.

"ಹೋಗು," ಎಂದಳು.

ಅವನು ಹೋದ. ಎರಡೆರಡು ಮೆಟ್ಟಿಲು ಹಾರುವ ಉದ್ದ ಕಾಲು. ನೋಡನೋಡುತ್ತಿದ್ದಂತೆ ಅವನ ಬೆನ್ನು ಚಿಕ್ಕದಾಯಿತು. ಮೊದಲ ತಿರುವಿನಲ್ಲಿ ಒಂದು ಕ್ಷಣ ಅವನ ಹೆಜ್ಜೆ ತಡವರಿಸಿತು, ಕತ್ತು ಕೋಲಿನಂತೆ ಬಿಗಿಯಾಯಿತು. ತಿರುಗುತ್ತಾನೆ ಅನ್ನಿಸಿತು ಅವಳಿಗೆ. ತಿರುಗಬೇಡ ಎಂದು ಬೇಡಿಕೊಂಡಳು. ತಿರುಗಲಿ ಎಂದೂ ಬೇಡಿಕೊಂಡಳೇನೋ. ಅವನು ತಿರುಗಲಿಲ್ಲ. ಮಂಜು ಅವನನ್ನು ನುಂಗಿತು.

ನೊರ್ಕಾ ಕಂಬಿ ಹಿಡಿದು ಕಾಲೆತ್ತಿದಳು. ಎತ್ತಿದವಳು ಬೆರಗಾದಳು. ಇಷ್ಟು ತಿಂಗಳು ಮರಳು ಹೊತ್ತ ಕಾಲು, ಹೊರೆಯಿಲ್ಲದೆ ತಾನಾಗಿಯೇ ಮೇಲೆದ್ದಿತ್ತು. ಮಲಗಿದ್ದ ನಾಯಿಯೊಂದನ್ನು ಬಳಸಿ, ನೀರಿನ ಪೈಪನ್ನು ದಾಟಿ, ಒಂದೊಂದಾಗಿ ಹತ್ತಿದಳು. ಕುಸಿದು ಕೂತಿದ್ದ ಆ ಮೊದಲ ತಿರುವು ಬಂದಾಗ ನಿಂತು ನೋಡಿದಳು. ಎಷ್ಟು ಚಿಕ್ಕ ಜಾಗ. ಇದಕ್ಕೇ ತಾನು ಒಂದು ವರ್ಷ ಹೆದರಿದ್ದೆನೇ ಎಂದು ಅವಳಿಗೆ ಅಳು ಬಂತು. ಮೇಲೆ ಹೋದಂತೆ ನೋವು ಬರದೇ ಇರಲಿಲ್ಲ. ಉಸಿರು ಸೋತಾಗ ಕೂತಳು, ಮತ್ತೆ ಎದ್ದಳು. ಒಂದು ಕಿಟಕಿ ತೆರೆಯಿತು. ಯಾರೋ ಹೆಂಗಸು, ಬಂದ್ಯಾ ಮಗಳೇ ಎಂದಳು. ಪಾಪ ಎನ್ನಲಿಲ್ಲ.

ಅಮ್ಮನ ಮನೆಯ ಬಾಗಿಲು ತೆರೆದಿತ್ತು. ಕೋಳಿ ಸಾರಿನ ಪರಿಮಳ. ಸೊಯ್ಲಾ ಒಲೆಯ ಮುಂದೆ ಬೆನ್ನು ಮಾಡಿ ನಿಂತು, ತಿರುಗದೆ, ಸೊಂಟಕ್ಕೆ ಕಟ್ಟಿಕೊಂಡ ಅಡುಗೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಜಿನ ಮುಂದೆ ಲಿಸಾರ್ದೋ ಅಂಗಿಯ ತೋಳು ಮಡಚಿ ಹಳದಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದ.

"ತಡ ಮಾಡಿದ್ಯಲ್ಲ," ಎಂದ, ಕತ್ತೆತ್ತದೆ. "ನಿಮ್ಮಮ್ಮ ನನ್ನ ಕೈಲಿ ಇಡೀ ಚೀಲ ಸುಲಿಸಿದ್ರು."

ಅವನು ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದನೋ. ನೊರ್ಕಾ ಮೇಜನ್ನು ನೋಡಿದಳು. ಅಕ್ಕಿಕಾಳಿನಷ್ಟು ಹಲ್ಲನ್ನೂ ನಯವಾಗಿ ಕೊರೆಯುವ ಕೈ ಅದು. ಸಿಪ್ಪೆ ಮಾತ್ರ ಬೆರಳಿನಷ್ಟು ದಪ್ಪಗೆ ಬಿದ್ದಿತ್ತು. ಪಾತ್ರೆಯಲ್ಲಿದ್ದ ಆಲೂಗಡ್ಡೆಗಳು ಚೂರುಪಾರಾಗಿ ನಿಂಬೆಹಣ್ಣಿಗಿಂತ ಸಣ್ಣಗಾಗಿದ್ದವು.

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ಬೆರಳಿನಿಂದ ಅವನ ಕತ್ತಿನ ಹಿಂದಿನ ಬಿಳಿ ಪುಡಿಯನ್ನು ಮೆಲ್ಲಗೆ ಒರೆಸಿದಳು. ಅವನು ಕಣ್ಣು ಮುಚ್ಚಿದ.

"ಇನ್ಮೇಲೆ ಸಾಯಬೇಡ," ಎಂದಳು.

"ಜೊತೆ ಕಡಿದ್ರೆ?"

"ಕಡೀಲಿ. ನೀನು ಎಷ್ಟೆತ್ತರ ಬೇಕಾದ್ರೂ ಹೋಗು, ಸಣಕಲ. ನಾನು ಬರ್ತೀನಿ."

ಅವನ ಕೈಯಿಂದ ಚಾಕು ತೆಗೆದುಕೊಂಡು, ಉಳಿದಿದ್ದ ಆಲೂಗಡ್ಡೆಯನ್ನು ಅವಳು ತೆಳ್ಳಗೆ ಸುಲಿಯತೊಡಗಿದಳು.