ಬೆಂಕಿ ಕಾಣದ ಭಟ್ಟಿ

1974ರ ಅಕ್ಟೋಬರ್ 7, ಸೋಮವಾರ, ಬೆಳಿಗ್ಗೆ 8.20. ಪೂರ್ವ ಟೆನೆಸಿಯ ಕಿನ್ಲೊ ಕೌಂಟಿ ಠಾಣೆಗೆ ದೂರೊಂದು ಬಂತು. ತಂದವನು ಕೌಂಟಿ ಮಂಡಳಿಯ ಚೇರ್ಮನ್ ಡೆನ್ವರ್ ಕ್ಯಾಗಲ್. ಠಾಣೆಯ ಸಂಬಳದಿಂದ ಹಿಡಿದು ಜೀಪಿನ ಪೆಟ್ರೋಲಿನವರೆಗೆ ಎಲ್ಲಕ್ಕೂ ಅವನ ಸಹಿ ಬೇಕಾಗಿದ್ದರಿಂದ ಡೆಪ್ಯುಟಿ ಕ್ಲೆಮ್ ಗ್ಯಾಸ್ಕಿನ್ ಎದ್ದು, ಕುರ್ಚಿ ಒರೆಸಿ ಹಾಕಿದ.

ಶೆರಿಫ್ ಹೋಬರ್ಟ್ ಟಿಡ್ವೆಲ್ ದೂರಿನ ಪುಸ್ತಕ ತೆರೆದ.

“ಏನು ವಿಷಯ?”

“ಸ್ಟ್ಯಾಂಪರ್ ಮನೆಯವರು ಮತ್ತೆ ಕಳ್ಳಭಟ್ಟಿ ಹೂಡಿದಾರೆ. ಒರತೆ ಹತ್ರ.”

“ನೋಡಿದ್ದು ಯಾರು?”

“ಬೇಟೆಗೆ ಹೋದವನೊಬ್ಬ. ಹೆಸರು ಬೇಡ ಅಂದ.”

“ಆ ಮನೆ ನಿಮಗೆ ಸಂಬಂಧ ಅಲ್ವೆ?”

“ವರ್ಡಿ ನನ್ನ ದೊಡ್ಡಮ್ಮ. ಅದಕ್ಕೇ ನಾನೇ ಬಂದೆ. ಸಂಬಂಧಿಕರು ಅಂತ ಮುಚ್ಚಿ ಹಾಕ್ದ ಅಂತ ನಾಳೆ ಜನ ಆಡ್ಕೋಬಾರ್ದು ನೋಡು.”

ಸ್ಟ್ಯಾಂಪರ್‌ಗಳು ಭಟ್ಟಿ ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಏಸಾ ಸ್ಟ್ಯಾಂಪರ್ ತೀರಿಕೊಂಡ ವಾರವೇ ಅವನ ಹೆಂಡತಿ ವರ್ಡಿಯಮ್ಮ ಹಂಡೆಗಳನ್ನೆಲ್ಲ ಗುಜರಿಗೆ ಹಾಕಿ, ಮಗ ಆರ್ವಿಲ್‌ನಿಂದ ಬೈಬಲ್ ಮುಟ್ಟಿಸಿ ಆಣೆ ಮಾಡಿಸಿದ್ದರು. ಆಮೇಲೆ ಆ ಅರವತ್ತು ಎಕರೆಯಲ್ಲಿ ಹೊಗೆಸೊಪ್ಪು ಬಿಟ್ಟು ಬೇರೇನೂ ಬೆಳೆದದ್ದಿಲ್ಲ.

ಪಂಚನಾಮೆ ಶುರುವಾದದ್ದು 10.40ಕ್ಕೆ. ಒರತೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಪೊದೆಯ ಮರೆಯಲ್ಲಿ, ಮೂರು ಕಲ್ಲುಗಳ ಮೇಲೆ ತಾಮ್ರದ ಹಂಡೆ ಇತ್ತು. ಅದರ ಬಾಯಿಗೆ ತಾಮ್ರದ ಮುಚ್ಚಳ, ಭಟ್ಟಿಯವರ ಮಾತಿನಲ್ಲಿ ಟೋಪಿ. ಟೋಪಿಯಿಂದ ಪೀಪಾಯಿಗೆ ಇಳಿದ ಸುರುಳಿ ಕೊಳವೆ. ಇನ್ನೊಂದು ಪೀಪಾಯಿಯಲ್ಲಿ ಹುಳಿ ಬಂದ ಮುಸುಕಿನ ಜೋಳ.

ಕ್ಲೆಮ್ ಮಂಡಿಯೂರಿ ಹಂಡೆಯ ಕೆಳಗೆ ಇಣುಕಿದ.

“ಸಾರ್, ಇದರ ತಳ ನಮ್ಮಮ್ಮನ ಹಬ್ಬದ ತಟ್ಟೆ ಥರ ಹೊಳೀತಿದೆ.”

ತಳದಲ್ಲಿ ಮಸಿ ಇರಲಿಲ್ಲ. ಕಲ್ಲುಗಳೂ ಕಪ್ಪಾಗಿರಲಿಲ್ಲ. ಬಡಿದು ನೋಡಿದರೆ ಹಂಡೆ ಖಾಲಿ. ಆದರೆ ಹಂಡೆಗೂ ಟೋಪಿಗೂ ನಡುವಿನ ಸಂದಿಗೆ ಮಾತ್ರ ಸುತ್ತಲೂ ಹಿಟ್ಟಿನ ಅಂಟು ಮೆತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನಯ ಮಾಡಲಾಗಿತ್ತು. ಆವಿ ಹೊರಗೆ ಹೋಗದಿರಲೆಂದು ಹಾಕುವ ಅಂಟು ಅದು. ಕುದಿಯದ ಹಂಡೆಗೆ ಅದೇಕೆ ಎಂದು ಟಿಡ್ವೆಲ್‌ಗೆ ಅರ್ಥವಾಗಲಿಲ್ಲ. ಆದರೂ ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡ.

ಆರ್ವಿಲ್ ಹೊಲದಿಂದ ಕೈ ಒರೆಸಿಕೊಳ್ಳುತ್ತ ಬಂದ.

“ಯಾರದ್ದಿದು?”

“ನಂದಲ್ಲ.”

“ನಿನ್ನ ಜಮೀನಲ್ಲಿದೆ.”

“ನನ್ನ ಜಮೀನಲ್ಲಿ ಹಾವೂ ಇದೆ ಶೆರಿಫ್, ಅದನ್ನೂ ನಾನು ಸಾಕಿಲ್ಲ.”

ಕಾನೂನು ಹಾವಿನ ಮಾತು ಕೇಳುವುದಿಲ್ಲ. ಆರ್ವಿಲ್‌ನನ್ನು ಕರೆತಂದು ಲಾಕಪ್ಪಿಗೆ ಹಾಕಿದರು. ವಿಚಾರಣೆ ಮುಂದಿನ ಸೋಮವಾರಕ್ಕೆ ನಿಗದಿಯಾಯಿತು. ಭಟ್ಟಿ ಅವನದೆಂದು ನ್ಯಾಯಾಧೀಶರು ಒಪ್ಪಿದರೆ ಅವನಿಗೆ ಜೈಲು. ಅರವತ್ತು ಎಕರೆಯೂ ಮುಟ್ಟುಗೋಲಾಗಿ ಹರಾಜಿಗೆ ಬರುತ್ತಿತ್ತು.

ಅಕ್ಟೋಬರ್ 9, ಬುಧವಾರ, ಮಧ್ಯಾಹ್ನ 2.00. ವರ್ಡಿಯಮ್ಮ ಠಾಣೆಗೆ ಬಂದರು. ಎಪ್ಪತ್ತೊಂದು ವರ್ಷ. ಮಗನನ್ನು ಕಂಬಿಯ ಹೊರಗಿನಿಂದ ನೋಡಿ, ಅವನ ಕಾಲರ್ ಸರಿಮಾಡಿ, ಶೆರಿಫ್ ಮೇಜಿನ ಮುಂದೆ ನಿಂತರು.

“ಹೋಬರ್ಟಪ್ಪ, ಆ ಸಾಮಾನು ಒಂದ್ಸಲ ತೋರ್ಸು.”

ಕೋರ್ಟು ಕಟ್ಟಡದ ಹಿಂದಿನ ಜಪ್ತಿ ಕೋಣೆಗೆ ಟಿಡ್ವೆಲ್ ಅವರನ್ನು ಕರೆದೊಯ್ದ. ವರ್ಡಿಯಮ್ಮ ಹಂಡೆಯ ಸುತ್ತ ಒಂದು ಸುತ್ತು ಬಂದರು. ಅಂಟಿನ ಚೂರೊಂದನ್ನು ಉಗುರಿನಲ್ಲಿ ಎಬ್ಬಿಸಿ ನಾಲಗೆಯ ಮೇಲಿಟ್ಟುಕೊಂಡರು. ಆಮೇಲೆ ಹತ್ತಿರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

“ಏನಿದೆ ಅದ್ರಲ್ಲಿ?”

“ರೈ ಧಾನ್ಯದ ಹಿಟ್ಟು.”

“ಅದನ್ನ ಎಲ್ಲಾರೂ ಹಾಕ್ತಾರೆ.”

“ಹೂಂ. ಎಲ್ಲಾರೂ ಹಾಕ್ತಾರೆ.”

“ಮತ್ತೆ ನಿಮ್ಮ ಮುಖ ಯಾಕೆ ಹಂಗಾಯ್ತು ವರ್ಡಿಯಮ್ಮ?”

“ವಯಸ್ಸಾಯ್ತಪ್ಪ. ಮುಖ ಅದಕ್ಕೆ ಬೇಕಾದ ಹಾಗೆ ಆಗುತ್ತೆ.”

ಟಿಡ್ವೆಲ್ ಒತ್ತಾಯಿಸಲಿಲ್ಲ. ಮರುದಿನ ಬೆಳಿಗ್ಗೆ 9.30ಕ್ಕೆ ಜಮೀನು ದಾಖಲೆಗಳ ಕಚೇರಿಗೆ ಹೋಗಿ ಒರತೆ ಕಣಿವೆಯ ನಕ್ಷೆ ತೆಗೆಸಿದ. ಸ್ಟ್ಯಾಂಪರ್ ಜಮೀನಿನ ಎರಡೂ ಮಗ್ಗುಲಿನ ಹೊಲಗಳು ಆಗಸ್ಟ್‌ನಲ್ಲಿ ಚೇರ್ಮನ್ನನ ಭಾವಮೈದುನನ ಹೆಸರಿಗೆ ಆಗಿದ್ದವು. ಕಣಿವೆಯಲ್ಲಿ ಹೊಸ ಹೆದ್ದಾರಿ ಹಾಯಲಿದೆಯೆಂದು ಮಂಡಳಿಯ ಮುಚ್ಚಿದ ಬಾಗಿಲಿನ ಸಭೆಗೆ ತಿಳಿದದ್ದು ಜುಲೈನಲ್ಲಿ ಎಂದು ಕಚೇರಿಯ ಗುಮಾಸ್ತ ಪಿಸುಗುಟ್ಟಿದ. ಊರಿಗೆ ಇನ್ನೂ ತಿಳಿದಿರಲಿಲ್ಲ. ನಡುವೆ ಉಳಿದದ್ದು ಒಂದೇ ತುಂಡು.

ಅಲ್ಲಿಂದ ಅವನು ನೇರ ಸ್ಟ್ಯಾಂಪರ್ ಮನೆಗೆ ಹೋದ. ಜಗಲಿಯಲ್ಲಿ ವರ್ಡಿಯಮ್ಮ ಹುರುಳಿಕಾಯಿಯನ್ನು ಚಳಿಗಾಲಕ್ಕೆಂದು ದಾರಕ್ಕೆ ಪೋಣಿಸುತ್ತಿದ್ದರು. ಮಗಳು ನೆಟ್ಟಿ ಪಕ್ಕದಲ್ಲಿ ತೊಟ್ಟು ಮುರಿದು ಕೊಡುತ್ತಿದ್ದಳು. ಟಿಡ್ವೆಲ್ ನಕ್ಷೆ ಬಿಡಿಸಿ ತೋರಿಸಿದ. ವರ್ಡಿಯಮ್ಮ ಸೂಜಿಯನ್ನು ಸೆರಗಿನಂತೆ ಇಳಿಬಿದ್ದ ಏಪ್ರನ್ನಿಗೆ ಚುಚ್ಚಿಟ್ಟರು.

“ಆ ಅಂಟಿನಲ್ಲಿ ಜೋಳದ ದಂಟಿನ ಕಾಕಂಬಿ ಇದೆ,” ಎಂದರು. “ಒಂದು ಚಮಚ. ಬರೀ ಹಿಟ್ಟು ಮೆತ್ತಿದ್ರೆ ಕಾವಿಗೆ ಬಿರಿಯುತ್ತೆ. ಕಾಕಂಬಿ ಬಿದ್ರೆ ಬಾಗುತ್ತೆ, ಬಿರಿಯಲ್ಲ. ಅದನ್ನ ಕಂಡುಹಿಡಿದೋಳು ನಾನು. ನನ್ನ ಅಡುಗೆಮನೇಲಿ.”

“ಯಾರ್ಯಾರಿಗೆ ಗೊತ್ತು?”

“ಏಸಾಗೆ ಗೊತ್ತಿತ್ತು. ಈ ನನ್ನ ಎರಡು ಮಕ್ಕಳಿಗೆ ಗೊತ್ತು.” ದಾರ ಕಡಿದು ತುದಿಗೆ ಗಂಟು ಹಾಕಿದರು. “ಡೆನ್ನಿಗೆ, ಅದೇ ನಿಮ್ಮ ಚೇರ್ಮನ್ನನಿಗೆ, ಗೊತ್ತು. ಹದಿನೆಂಟಕ್ಕೆ ಬಂದ, ಏಳು ವರ್ಷ ಇಲ್ಲೇ ದುಡಿದ.”

“ಬೆಂಕಿನೇ ಹಚ್ಚದ ಹಂಡೆಗೆ ಅಂಟು ಯಾಕೆ ಮೆತ್ತಿದ ಅವನು?”

“ನೀನು ಅಂಗಿ ಗುಂಡಿ ಹಾಕ್ಕೊಳ್ವಾಗ ಯೋಚನೆ ಮಾಡ್ತೀಯಾ? ಟೋಪಿ ಇಟ್ಟ ಮೇಲೆ ಸಂದಿ ಮುಚ್ಚದೆ ಏಸಾ ಯಾರನ್ನೂ ಏಳೋಕೆ ಬಿಡ್ತಿರ್ಲಿಲ್ಲ. ಮೋಸಕ್ಕೆ ಇಟ್ಟ ಹಂಡೆನೂ ಹಾಗೇ ಬಿಟ್ಟು ಬರೋಕೆ ಆ ಕೈಗೆ ಆಗ್ಲಿಲ್ಲ.”

“ನಿನ್ನೆ ಯಾಕೆ ಹೇಳ್ಲಿಲ್ಲ?”

ಉತ್ತರ ನೆಟ್ಟಿ ಕೊಟ್ಟಳು. “ತಂಗಿ ಮಗ ಅಲ್ವಾ! ಅಣ್ಣ ಕಂಬಿ ಎಣಿಸ್ತಿದಾನೆ, ಅವ್ವ ಇಲ್ಲಿ ಕರುಳು ಎಣಿಸ್ತಿದಾಳೆ.”

“ಸುಮ್ನಿರೇ.”

“ನ್ಯಾಯಾಧೀಶರು ಕಾಕಂಬಿ ನೆಕ್ಕಿ ತೀರ್ಪು ಕೊಡಲ್ಲ ವರ್ಡಿಯಮ್ಮ,” ಎಂದ ಟಿಡ್ವೆಲ್. “ಅವನೇ ಬಂದು ಮುಟ್ಟಬೇಕು.”

ವರ್ಡಿಯಮ್ಮ ಪೋಣಿಸಿದ ಸರವನ್ನು ಮಡಿಲಿಂದ ತೆಗೆದು ಪಕ್ಕಕ್ಕಿಟ್ಟರು. ಕೊನೆಗೆ ಹೇಳಿದರು: “ಆ ಟೋಪಿ ಏಸಾ ಬಡಿದದ್ದು. ಡೆನ್ನಿಗೆ ಅಂತಲೇ ಬಡಿದ, ಅವನು ಬಿಟ್ಟು ಹೋಗೋ ಹಿಂದಿನ ಚಳಿಗಾಲ. ಅದರ ಒಳ ಅಂಚಲ್ಲಿ ಏಸಾ ‘ಡಿ’ ಅಂತ ಕೆತ್ತಿದಾನೆ ಅಂತ ಅವನ ಕಿವಿಗೆ ಬೀಳ್ಬೇಕು.”

“ಕೆತ್ತಿದಾನಾ?”

“ಇಲ್ಲ. ಏಸಾಗೆ ಅಕ್ಷರ ಬರ್ತಿರ್ಲಿಲ್ಲ. ಅದೊಂದು ‘ಡಿ’ ಬರ್ತಿತ್ತು. ಡೆನ್ನಿನೇ ಕಲಿಸಿದ್ದ, ಹಲಗೆ ಮೇಲೆ ಜೋಳದ ಹಿಟ್ಟು ಹರಡಿ. ಅದಕ್ಕೇ ನಂಬ್ತಾನೆ.” ಅವರು ಮತ್ತೆ ಸೂಜಿ ಕೈಗೆ ತೆಗೆದುಕೊಂಡರು. ದಾರ ಪೋಣಿಸಲಾಗಲಿಲ್ಲ. ನೆಟ್ಟಿ ತೆಗೆದುಕೊಂಡು ಪೋಣಿಸಿಕೊಟ್ಟಳು.

ಅಕ್ಟೋಬರ್ 12, ಶನಿವಾರ. ಚರ್ಚಿನ ಹಿಂದಿನ ಹಾಲಿನಲ್ಲಿ ಹೆಂಗಸರು ಕೌದಿ ಹೊಲಿಯುವ ದಿನ. ಚೌಕಟ್ಟಿನ ಒಂದು ಕಡೆ ನೆಟ್ಟಿ, ಎದುರಿಗೆ ಚೇರ್ಮನ್ನನ ಹೆಂಡತಿ.

“ನೆಟ್ಟಿ, ನಿಮ್ಮಣ್ಣನ ವಿಷಯ ಕೇಳಿ ಹೊಟ್ಟೆ ಉರೀತು ಕಣೇ,” ಎಂದಳು ಆಕೆ.

“ಇನ್ನೆರಡು ದಿನ ಅಕ್ಕ. ಆಮೇಲೆ ಯಾರ ಹೊಟ್ಟೆ ಉರಿಯುತ್ತೋ ನೋಡೋಣ.”

“ಅಂದ್ರೆ?”

“ಆ ಭಟ್ಟಿ ಟೋಪಿ ನಮ್ಮಪ್ಪ ಬಡಿದದ್ದು, ಯಾರಿಗೆ ಅಂತ ಬಡಿದನೋ ಅವರ ಅಕ್ಷರ ಒಳಗೆ ಕೆತ್ತಿದಾನೆ. ಮೇಲೆ ಕಿಲುಬು ಕೂತಿದೆ, ಕಾಣಲ್ಲ. ಸೋಮವಾರ ಬೆಳಿಗ್ಗೆ ಶೆರಿಫ್ ವಿಚಾರಣೆ ಮುಂದಕ್ಕೆ ಹಾಕ್ಸಿ ಅದನ್ನ ನ್ಯಾಶ್‌ವಿಲ್‌ಗೆ ಕಳಿಸ್ತಾರಂತೆ. ಆಸಿಡ್‌ನಲ್ಲಿ ತೊಳೆದು ಓದ್ತಾರಂತೆ. ಆ ಕತ್ತರಿ ಕೊಡಿ ಅಕ್ಕ.”

ಚೇರ್ಮನ್ನನ ಹೆಂಡತಿ ಕತ್ತರಿ ಕೊಟ್ಟಳು. ಅಂದು ಆಕೆ ಹೊಲಿಗೆ ಮುಗಿಯುವ ಮೊದಲೇ ಎದ್ದು ಹೋದಳು.

ಅಕ್ಟೋಬರ್ 13, ಭಾನುವಾರ. ಊರೆಲ್ಲ ಪ್ರಾರ್ಥನೆಯಲ್ಲಿತ್ತು. ಜಪ್ತಿ ಕೋಣೆಯಲ್ಲಿ ಹಳೆಯ ಕಡತಗಳ ಬೀರುವಿನ ಹಿಂದೆ ಟಿಡ್ವೆಲ್ ಮತ್ತು ಕ್ಲೆಮ್ ಹತ್ತು ಗಂಟೆಯಿಂದ ಕೂತಿದ್ದರು.

“ಸಾರ್, ಇವತ್ತು ಚರ್ಚಲ್ಲಿ ಊಟ ಇದೆ. ಕೋಳಿ ಕರಿದಿರ್ತಾರೆ.”

“ಬಾಯ್ಮುಚ್ಚು.”

“ಬಾಯಿ ಮುಚ್ಕೊಂಡೇ ಇದೀನಿ ಸಾರ್. ಸದ್ದು ಮಾಡ್ತಿರೋದು ಹೊಟ್ಟೆ.”

11.10ಕ್ಕೆ ಬೀಗದಲ್ಲಿ ಕೀಲಿ ತಿರುಗಿತು. ಕಟ್ಟಡದ ಎಲ್ಲ ಕೋಣೆಗಳ ಕೀಲಿ ಇದ್ದದ್ದು ಇಬ್ಬರ ಬಳಿ. ಒಬ್ಬ ಶೆರಿಫ್, ಇನ್ನೊಬ್ಬ ಚೇರ್ಮನ್. ಡೆನ್ವರ್ ಕ್ಯಾಗಲ್ ಭಾನುವಾರದ ಕೋಟು, ಟೈ ಹಾಕಿಕೊಂಡೇ ಬಂದಿದ್ದ. ಕೋಟಿನ ಜೇಬಿನಿಂದ ಲೋಹ ಉಜ್ಜುವ ಅರದ ಹಿಡಿ ಹೊರಗೆ ಕಾಣುತ್ತಿತ್ತು. ಅವನು ಮೊಹರು ಹರಿದು, ಒಣಗಿದ ಅಂಟು ಬಿಡಿಸಿ, ಟೋಪಿಯನ್ನೆತ್ತಿ ಕಿಟಕಿಯ ಬೆಳಕಿಗೆ ಒಯ್ದ.

ಅರ ಹೊರಗೆ ಬರಲೆಂದು ಟಿಡ್ವೆಲ್ ಕಾದ. ಅದು ಬರಲಿಲ್ಲ. ಡೆನ್ವರ್ ಟೋಪಿಯ ಒಳ ಅಂಚಿನ ಮೇಲೆ ಬೆರಳು ಆಡಿಸಿದ. ಕರವಸ್ತ್ರಕ್ಕೆ ಉಗುಳು ಹಚ್ಚಿ ಒಂದೊಂದೇ ಅಂಗುಲ ಉಜ್ಜಿ, ಬೆಳಕಿಗೆ ಓರೆ ಮಾಡಿ ನೋಡಿದ. ಪೂರ್ತಿ ಒಂದು ಸುತ್ತು ಆಯಿತು. ಮತ್ತೆ ಮೊದಲಿನಿಂದ ಶುರುಮಾಡಿದ. ಅವನ ತುಟಿ ಅಲುಗುತ್ತಿತ್ತು. ಸಾಕ್ಷ್ಯ ನಾಶ ಮಾಡಲು ಬಂದವನ ಮುಖ ಹಾಗಿರುವುದಿಲ್ಲ ಎಂದು ಟಿಡ್ವೆಲ್‌ಗೆ ಅನ್ನಿಸಿತು. ಬೀರುವಿನ ಹಿಂದಿನಿಂದ ಎದ್ದು ಬಂದ.

ಡೆನ್ವರ್ ಬೆಚ್ಚಲಿಲ್ಲ.

“ಇಲ್ಲಿ ಏನೂ ಇಲ್ವಲ್ಲ ಹೋಬರ್ಟ್.”

“ಇಲ್ಲ.”

“ಸವೆದು ಹೋಯ್ತಾ?”

“ಯಾವತ್ತೂ ಇರ್ಲಿಲ್ಲ.”

ಅವನು ಟೋಪಿಯನ್ನು ಸದ್ದಾಗದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟ. “ದೊಡ್ಡಮ್ಮನ ಉಪಾಯ,” ಎಂದ. “ನಿನಗೆ ಇಷ್ಟು ತಲೆ ಇಲ್ಲ.”

“ಇಲ್ಲ,” ಎಂದು ಟಿಡ್ವೆಲ್ ಒಪ್ಪಿಕೊಂಡ. 11.24ಕ್ಕೆ ಬಂಧನ ದಾಖಲಾಯಿತು.

ಮಧ್ಯಾಹ್ನ 1.00ಕ್ಕೆ ಹೇಳಿಕೆ. ಡೆನ್ವರ್ ಯಾವುದನ್ನೂ ಅಲ್ಲಗಳೆಯಲಿಲ್ಲ. ಹಂಡೆ, ಕೊಳವೆ ಪಕ್ಕದ ಕೌಂಟಿಯಲ್ಲಿ ಕೊಂಡದ್ದು. ಟೋಪಿ ತನ್ನದೇ, ಇಪ್ಪತ್ತೆರಡು ವರ್ಷ ಕೊಟ್ಟಿಗೆಯ ಅಟ್ಟದಲ್ಲಿತ್ತು.

“ಹೊಸದೊಂದು ಕೊಳ್ಳಬಹುದಿತ್ತಲ್ಲ?”

“ಹರಾಜಾಗಿ ಆ ಜಾಗ ನಂದಾದಾಗ ಈ ಟೋಪಿನೂ ಅಲ್ಲೇ ಇರ್ಬೇಕು ಅನ್ನಿಸ್ತು. ಹುಚ್ಚು.”

“ಹೆದ್ದಾರಿ ದುಡ್ಡಿಗೋಸ್ಕರ ತಾನೇ ಇದೆಲ್ಲ?”

“ಅಕ್ಕಪಕ್ಕದ ಹೊಲ ಕೊಂಡಿದ್ದು ಅದಕ್ಕೇ. ಸುಳ್ಳು ಹೇಳಲ್ಲ. ಆದ್ರೆ ಒರತೆ ಜಾಗ ರಸ್ತೆ ಬರದಿದ್ರೂ ನಂಗೆ ಬೇಕಿತ್ತು. ಏಳು ವರ್ಷ ದುಡಿದೆ ಹೋಬರ್ಟ್. ಒಂದು ರಾತ್ರಿ ಊಟಕ್ಕೆ ಕೂತಾಗ ಏಸಾ ಹೇಳ್ದ, ಒರತೆ ಪಕ್ಕದ ಹನ್ನೆರಡು ಎಕರೆ ನಿಂದು ಕಣೋ ಡೆನ್ನಿ ಅಂತ. ದೊಡ್ಡಮ್ಮ ಅಲ್ಲೇ ಬಡಿಸ್ತಿದ್ರು. ಅವನನ್ನ ಮಣ್ಣು ಮಾಡಿದ ಮೂರನೇ ದಿನ ಹೋಗಿ ಕೇಳ್ದೆ. ನಂಗೇನೂ ಗೊತ್ತಿಲ್ಲಪ್ಪ ಅಂದ್ರು.”

ಸಂಜೆ 4.15ಕ್ಕೆ ಆರ್ವಿಲ್‌ನ ಬಿಡುಗಡೆ ಕಾಗದ ಸಿದ್ಧವಾಯಿತು. ವರ್ಡಿಯಮ್ಮ ತಮ್ಮ ಹೇಳಿಕೆಗೆ ಸಹಿ ಹಾಕಲು ಬಂದರು. ಕಾಕಂಬಿಯ ವಿಷಯ, ಟೋಪಿಯ ವಿಷಯ, ಎಲ್ಲವನ್ನೂ ಟಿಡ್ವೆಲ್ ಓದಿ ಹೇಳಿದ. ಆಮೇಲೆ ಪೆನ್ನು ಕೆಳಗಿಟ್ಟ.

“ಒಂದು ಮಾತು ಕೇಳ್ಬೇಕು. ಉತ್ತರ ಹೇಳ್ಲೇಬೇಕು ಅಂತಿಲ್ಲ. ಏಸಾ ಅವನಿಗೆ ಹನ್ನೆರಡು ಎಕರೆ ಕೊಡ್ತೀನಿ ಅಂದಿದ್ನಾ?”

ಆರ್ವಿಲ್ ತಾಯಿಯ ತೋಳು ಹಿಡಿದ. “ಅವ್ವ, ನಡಿ ಮನೆಗೆ.”

“ಬಿಡು.” ವರ್ಡಿಯಮ್ಮ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. “ಬರ್ಕೋ ಹೋಬರ್ಟಪ್ಪ. ಅಂದಿದ್ದು ನಿಜ. ನಾನು ಕೇಳಿದ್ದೂ ನಿಜ. ನನ್ನ ಮಗನಿಗೆ ಕಮ್ಮಿ ಆಗುತ್ತೆ ಅಂತ ಬಾಯಿ ಮುಚ್ಕೊಂಡೆ. ಒರತೆ ಇಲ್ಲದ ಜಮೀನು ಏನು ಜಮೀನು ಅಂತ.”

“ಇದನ್ನ ಬರೆದ್ರೆ ಅವನ ವಕೀಲ ಕೋರ್ಟಲ್ಲಿ ಹಿಡ್ಕೋತಾನೆ. ಜಾಗಕ್ಕೂ ದಾವೆ ಹಾಕಬಹುದು.”

“ಗೊತ್ತು. ಬರ್ಕೋ.”

ಟಿಡ್ವೆಲ್ ಬರೆದುಕೊಂಡ. ಕ್ಲೆಮ್ ಕಿಟಕಿಯಾಚೆ ನೋಡುತ್ತ ನಿಂತಿದ್ದ. ಆರ್ವಿಲ್ ತನ್ನ ಹ್ಯಾಟನ್ನು ತಲೆಯ ಮೇಲಿಟ್ಟು, ಮತ್ತೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಹನ್ನೆರಡು ಎಕರೆ,” ಎಂದ. “ಕೇಳಿದ್ರೆ ನಾನೇ ಕೊಡ್ತಿದ್ದೆ.”

“ಕೇಳ್ದ ಕಣೋ,” ಎಂದರು ವರ್ಡಿಯಮ್ಮ. “ನನ್ನ ಕೇಳ್ದ.”

ಅವರು ಸಹಿ ಹಾಕಿ, ಲಾಕಪ್ಪಿನ ಬಾಗಿಲಿನವರೆಗೆ ಹೋದರು. ಒಳಗೆ ಡೆನ್ವರ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. “ಡೆನ್ನಿ,” ಎಂದು ಒಮ್ಮೆ ಕರೆದರು. ಅವನು ತಿರುಗಲಿಲ್ಲ. ನಿದ್ದೆ ಬಂದಿರಲಿಲ್ಲ ಎಂಬುದು ಉಸಿರಿನಿಂದ ತಿಳಿಯುತ್ತಿತ್ತು. ವರ್ಡಿಯಮ್ಮ ಮಗನ ಕೈ ಹಿಡಿದು ಮೆಟ್ಟಿಲಿಳಿದರು.

ಸಂಜೆ 6.00ಕ್ಕೆ ವರದಿ ಟೈಪಾಗಿ ಬಂತು. ‘ಅಪರಾಧದ ಉದ್ದೇಶ’ ಎಂಬ ಜಾಗದಲ್ಲಿ ಕ್ಲೆಮ್ ‘ದುರಾಸೆ’ ಎಂದು ಹಾಕಿದ್ದ. ಟಿಡ್ವೆಲ್ ಅದನ್ನು ಹೊಡೆದುಹಾಕಲಿಲ್ಲ, ಅದೂ ನಿಜವಾಗಿತ್ತು. ಅದರ ಪಕ್ಕದಲ್ಲಿ ಕೈಯಿಂದ ಇನ್ನೊಂದು ಸಾಲು ಸೇರಿಸಿದ: ‘ವರ್ಡಿ ಸ್ಟ್ಯಾಂಪರ್ ಅವರ ಹೇಳಿಕೆ, ಕೊನೆಯ ಪುಟ ನೋಡುವುದು.’