ಬೋರವ್ವನ ಕೀಲಿ

"ಬಾಯಾರ, ಈ ಮನ್ಯಾಗ ಯಾವ್ದಕ್ಕೂ ಕೀಲಿ ಹಾಕಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ."

ಮುದುಕಿ ಗುರುಬಸವ್ವ ಹೀಗೆ ಗೋಗರೆದಾಗ ಎಸ್ತೇರಬಾಯಿಗೆ ನಗು ತಡೆಯಲಾಗಲಿಲ್ಲ. ಬೆಟಗೇರಿಯಲ್ಲಿ ನರ್ಸ್ ಕೆಲಸ ಕಲಿತು ಬಬಲೇಶ್ವರಕ್ಕೆ ಬಂದು ಅವಳಿಗಿನ್ನೂ ತಿಂಗಳಾಗಿರಲಿಲ್ಲ. ಯುದ್ಧದ ಕಾಲ, ಸೀಮೆಎಣ್ಣೆಗೂ ತತ್ವಾರ. ದೆವ್ವಗಳಿಗೆ ಮಾತ್ರ ಈ ಸೀಮೆಯಲ್ಲಿ ಬರವಿಲ್ಲ ಎಂದು ಆಗಲೇ ಚೇಷ್ಟೆ ಮಾಡಿದ್ದಳು. ಒಳಕೋಣೆಯಲ್ಲಿ ಮುದುಕಿಯ ಸೊಸೆ ಕಾಶಿಬಾಯಿ ಚೊಚ್ಚಲ ಹೆರಿಗೆಯ ಬೇನೆ ತಿನ್ನುತ್ತಿದ್ದಳು. ಹೆರಿಗೆಯಾಗುವ ಮನೆಯಲ್ಲಿ ಗಂಟು ಬಿಚ್ಚಿಡುವುದು, ಪೆಟ್ಟಿಗೆಗಳ ಮುಚ್ಚಳ ತೆರೆದಿಡುವುದು ಅಲ್ಲಿಯ ರೂಢಿ. ಈ ಮನೆಯವರಂತೂ ಬಾಗಿಲುಗಳ ಚಿಲಕಗಳನ್ನೇ ಕಿತ್ತುಹಾಕಿದ್ದರು.

"ನನ್ನ ಮಗನ ಮೊದಲನೇ ಹೇಂತಿ ಬೋರವ್ವಗ ಮಕ್ಕಳಾಗ್ಲಿಲ್ಲರಿ," ಮುದುಕಿ ಪಿಸುಗುಟ್ಟಿದಳು. "ಊರ ಮಂದಿ ಆಡಿಕೊಂಡ್ರು. ನಾನೂ ಆಡಿದ್ನಿ. ಟಿಕೋಟಾದಾಗಿನ ಒಬ್ಬ ಮಾಟಗಾರನ ಕಡಿಂದ ಕೀಲಿ ಮಂತ್ರಿಸಿಕೊಂಡು ಬಂದ್ಲು. ಈ ಮನ್ಯಾಗ ಯಾರ ಹೊಟ್ಟೀನೂ ತೆರೀಬಾರ್ದು ಅಂದ್ಲು. ಕೀಲಿಕೈ ನುಂಗಿ, ಕೀಲಿ ಹಿಡಕೊಂಡ ಹಗೇವಿನ್ಯಾಗ ಹಾರಿದ್ಲು. ಹೆಣ ಸಿಕ್ತು. ಕೀಲಿ ಸಿಗಲಿಲ್ಲ."

ಹಗೇವು ಎಂದರೆ ಪಡಸಾಲೆಯ ನೆಲದಡಿ ಜೋಳ ತುಂಬಿಡುವ ಆಳದ ಕುಣಿ. ಅದರ ಬಾಯಿಗೆ ಬಂಡೆ ಎಳೆದಿದ್ದರು.

"ನಮ್ಮ ಯೇಸಪ್ಪನ ಮುಂದ ನಿಮ್ಮ ಕೀಲಿ ಏನ್ ಮಾಡತೈತಿ?" ಎಂದು ಎಸ್ತೇರಬಾಯಿ ತನ್ನ ಔಷಧದ ಪೆಟ್ಟಿಗೆ ಮುಚ್ಚಿ, ಬೇಕೆಂದೇ ಕೀಲಿ ಒತ್ತಿದಳು.

ಕಟ್ ಎಂದಿತು.

ಆ ಸದ್ದು ಅಡಗುವ ಮೊದಲೇ ನೆಲದ ಕೆಳಗಿನಿಂದ ಇನ್ನೊಂದು ಕಟ್.

ಕಾಶಿಬಾಯಿಯ ನರಳಾಟ ಅರ್ಧಕ್ಕೇ ನಿಂತಿತು. ಎಸ್ತೇರಬಾಯಿ ಓಡಿಹೋಗಿ ಹೊಟ್ಟೆ ಮುಟ್ಟಿದಳು. ಒಳಕಲ್ಲಿನಂತೆ ಗಟ್ಟಿಯಾಗಿತ್ತು. ಬೇನೆ ಇಲ್ಲ, ಕೂಸಿನ ಮಿಸುಕಾಟವೂ ಇಲ್ಲ. ಕತ್ತರಿ, ಔಷಧ ಎಲ್ಲ ಪೆಟ್ಟಿಗೆಯೊಳಗೆ. ಕೀಲಿಕೈ ಗರಗರ ತಿರುಗಿತು, ಕೀಲಿ ಬಿಡಲಿಲ್ಲ. ಕಾಶಿಬಾಯಿಯ ಗಂಡ ಅಮೋಘಿ ಕೊಡಲಿ ತಂದು ಹೊಡೆದ. ಕೊಡಲಿಯ ಕಾವೇ ಮುರಿಯಿತು. ಹೊರಗೆ ಮಟಮಟ ಮಧ್ಯಾಹ್ನ. ಪಡಸಾಲೆಯಲ್ಲಿ ಮಾತ್ರ ಕತ್ತಲು ಕವಿಯತೊಡಗಿತು. ಮುಗ್ಗಿದ ಜೋಳದ ವಾಸನೆ ಎದ್ದಿತು. ಅದರ ಹಿಂದೆಯೇ ಹೆಣದ ವಾಸನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಆಡಿದ್ದು ವಿಶ್ವಾಸವಲ್ಲ, ಬರೀ ಜಂಬ ಎಂದು ಎಸ್ತೇರಬಾಯಿಗೆ ಆಗ ತಿಳಿಯಿತು. ಅವಳನ್ನು ಕರೆತಂದ ಚಕ್ಕಡಿ ಅಂಗಳದಲ್ಲಿ ನಿಂತೇ ಇತ್ತು. ಹತ್ತಿ ಹೋಗಿಬಿಡಬಹುದಿತ್ತು.

"ಬಾಯಾರ," ಕಾಶಿಬಾಯಿ ಅವಳ ಸೆರಗು ಹಿಡಿದಳು. "ನನ್ನ ಕೂಸ..."

ಎಸ್ತೇರಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದಳು. "ಏಳ್ರಿ ಅಮೋಘಿ, ಹಗೇವಿನ ಮ್ಯಾಗಿನ ಕಲ್ಲ ಸರಸ್ರಿ."

"ಅದರೊಳಗ ಹೋದಾವ್ರು ತಿರುಗಿ ಬರೂದಿಲ್ರಿ!" ಎಂದ ಅಮೋಘಿ.

"ನಾ ಮಾಡಿದ ತಪ್ಪೈತಿ. ನಾನ ಇಳೀತೇನಿ. ಸರಸ್ರಿ!"

ಬಂಡೆ ಸರಿಯಿತು. ಒಳಗಿನ ಗಾಳಿ ಕೆಟ್ಟಿದೆಯೇ ಎಂದು ನೋಡಲು ಕಂದೀಲು ಇಳಿಬಿಟ್ಟರು. ಬಹಳ ಹೊತ್ತು ಕಾದರೂ ಆರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವಳು ಇಳಿದಳು. ಕಾಲು ತಳ ಮುಟ್ಟಿದ್ದೇ ತಡ, ಕಂದೀಲು ಆರಿತು.

ಕಗ್ಗತ್ತಲು. ಮೇಲೆ ನೋಡಿದಳು. ಹಗೇವಿನ ಬಾಯಿಯೂ ಕಾಣಲಿಲ್ಲ. ಪಕ್ಕದಲ್ಲಿ ಯಾರೋ ಉಸಿರಾಡುತ್ತಿದ್ದರು.

ಹೆದರಿದಾಗ ಹೆದರಿಲ್ಲವೆಂದು ದೇವರ ಮುಂದೆ ಸುಳ್ಳು ಹೇಳಬೇಡ ಎಂದು ಅವಳ ಅವ್ವ ಹೇಳುತ್ತಿದ್ದಳು. "ಯೇಸಪ್ಪಾ, ನಂಗ ಅಂಜಿಕಿ ಆಗೇತಿ," ಎಂದಳು ಎಸ್ತೇರಬಾಯಿ. "ಕೈ ಹಿಡಿ."

ಒಂದು ಕೈ ಅವಳ ಬಲಗೈ ಹಿಡಿಯಿತು.

ತಣ್ಣಗಿತ್ತು. ಬಳೆಗಳಿದ್ದವು. ಎರಡು ಕೈಗಳ ನಡುವೆ ತುಕ್ಕು ಹಿಡಿದ ಕೀಲಿ. ಹಿಡಿತ ಬಿಗಿಯಿತು. ಎಲುಬು ಲಟಲಟ ಎಂದಿತು. ಅವಳು ಚೀರಲಿಲ್ಲ. ಎಡಗೈಯಿಂದ ಎದೆಯ ಮೇಲಿನ ಶಿಲುಬೆ ಹಿಡಿದಳು. ಅಂಜಿಕೆ ಹೋಗಲಿಲ್ಲ. ಆದರೆ ಅಂಜಿಕೆಗಿಂತ ದೊಡ್ಡವನೊಬ್ಬ ಬೆನ್ನ ಹಿಂದೆ ಬಂದು ನಿಂತ. ಅದು ಅವಳಿಗೆ ಗೊತ್ತಾಯಿತು. ನೆಟ್ಟಗೆ ನಿಂತಳು.

"ಬೋರವ್ವಕ್ಕಾ, ನಿನ್ನ ಸಂಕಟ ಖರೇ. ಮಂದಿ ನಿನ್ನ ನೋಯಿಸ್ಯಾರ. ಆ ಕೂಸು ಏನ್ ಮಾಡೇತಿ? ಯೇಸುವಿನ ಹೆಸರಿಲೆ ಹೇಳತೇನಿ, ಬಿಡು! ಏನರ ಇಟಗೊಳ್ಳಾಕ ಬೇಕಂದ್ರ ನನ್ನ ಕೈ ಇಟಗೋ. ಕೂಸಿನ್ನ ಬಿಡು!"

ಪಕ್ಕದ ಉಸಿರು ನಿಂತಿತು. ಕತ್ತಲು ನಡುಗಿತು. ಯಾರೋ ಬಿಕ್ಕಿದರು.

ಕಟ್.

ಮೇಲೆ ಕಾಶಿಬಾಯಿ ಕೂಗಿದಳು. ಅದರ ಬೆನ್ನಿಗೇ ಎಳೆಗೂಸಿನ ಅಳು.

ಬಲಗೈಯಿಂದ ಜಾರಿ ಬಿದ್ದ ಕೀಲಿಯನ್ನು ಎಸ್ತೇರಬಾಯಿ ಎಡಗೈಯಿಂದ ತಡವಿ ಎತ್ತಿಕೊಂಡಳು. ಅವಳನ್ನು ಮೇಲೆಳೆದಾಗ ಅದು ಬಾಯಿ ಬಿಟ್ಟಿತ್ತು. ಪೆಟ್ಟಿಗೆಯೂ ತಾನೇ ತೆರೆದಿತ್ತು. ಎಡಗೈಯಿಂದಲೇ ಹೊಕ್ಕುಳಬಳ್ಳಿ ಕತ್ತರಿಸಿದಳು. ಬಲಗೈ ಮುಷ್ಟಿ ಕಟ್ಟಿತ್ತು. ಅದು ಮತ್ತೆ ಬಿಚ್ಚಲಿಲ್ಲ. ವಿಜಾಪುರದ ಡಾಕ್ಟರರೂ ಕೈಚೆಲ್ಲಿದರು. ಸೂಲಗಿತ್ತಿಗೆ ಕೈಯೇ ಅನ್ನ. ಅವಳು ಒಂದು ದಿನ ಪೂರಾ ಅತ್ತಳು. ಆಮೇಲೆ ಎಡಗೈಗೆ ಕೆಲಸ ಕಲಿಸತೊಡಗಿದಳು.

ಮರುವರ್ಷ ಇನ್ನೊಂದು ಓಣಿಯಲ್ಲಿ ಹೆರಿಗೆ ಕಷ್ಟವಾಯಿತು. ಸುದ್ದಿ ತಿಳಿದು ಕರೆಯದೆಯೇ ಹೋದಳು. ಮನೆಯ ಹಿರಿಯಳು ಕಿಂಡಿಯಿಂದ ನೋಡಿ ಬಾಗಿಲು ಮುಚ್ಚಿಕೊಂಡಳು.

"ಬರಬ್ಯಾಡ್ರಿ ಬಾಯಾರ! ನಿಮ್ಮ ಕೈಗೆ ಬೋರವ್ವ ಕೀಲಿ ಹಾಕ್ಯಾಳ!"

"ಹಾಕ್ಲಿ ಬಿಡಬೇ," ಎಂದಳು ಎಸ್ತೇರಬಾಯಿ. "ಬಾಗಲಾ ಬಡಿಯಾಕ ಮುಷ್ಟೀನ ಬೇಕು."

ಬಿಚ್ಚದ ಬಲಗೈ ಎತ್ತಿ ಬಾಗಿಲು ಬಡಿಯತೊಡಗಿದಳು. ಅವರು ತೆರೆಯುವವರೆಗೂ ಬಡಿದಳು.